ಮಾವನ ಮನೆಯ ಸೊಸೆ, ಸೇವಾದಳದ ನಾಯಕಿ: ಉಮಾಬಾಯಿ ಕುಂದಾಪುರ

ಹುಬ್ಬಳ್ಳಿ ಅಂದ್ರೆ ನಮ್ಮ ಕಡೆಯವರಿಗೆ ವ್ಯಾಪಾರದ ಊರು. ಘಟ್ಟ ಹತ್ತಿ ಹೋಗಿ ಅಲ್ಲಿ ನೆಲೆ ಕಂಡವರು ಕರಾವಳಿಯ ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ಅದೇ ದಾರಿಯಲ್ಲಿ, ಆದರೆ ಮುಂಬಯಿ ಸುತ್ತಿಕೊಂಡು ಹುಬ್ಬಳ್ಳಿಗೆ ಬಂದ ಮಂಗಳೂರಿನ ಒಬ್ಬ ಹೆಣ್ಣುಮಗಳು ಉಮಾಬಾಯಿ ಕುಂದಾಪುರ. ಸ್ವಾತಂತ್ರ್ಯ ಹೋರಾಟದ ಪುಸ್ತಕಗಳಲ್ಲಿ ಅವರ ಹೆಸರಿದೆ. ಅವರ ಬೆನ್ನಿಗೆ ನಿಂತ ಮಾವ ಆನಂದರಾಯರ ಹೆಸರು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ. ಈ ಇಬ್ಬರನ್ನು ಒಟ್ಟಿಗೆ ನೆನೆಯಬೇಕು ಅಂತ ನಮಗೆ ಅನಿಸಿತು. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರ ಕತೆ ಅರ್ಧವಾಗುತ್ತದೆ.

ಉಮಾಬಾಯಿ ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ತವರಿನವರು ಇಟ್ಟ ಹೆಸರು ಭವಾನಿ, ಮನೆತನ ಗೋಳಿಕೇರಿ. ಆಮೇಲೆ ಕುಟುಂಬ ಮುಂಬಯಿಗೆ ಹೋಯಿತು. ಆ ಕಾಲದ ಪದ್ಧತಿಯಂತೆ ಸಣ್ಣ ವಯಸ್ಸಿನಲ್ಲೇ ಮದುವೆ ಆಯಿತು; ಗಂಡ ಸಂಜೀವರಾವ್ ಕುಂದಾಪುರ. ಮದುವೆಯಾದ ಹುಡುಗಿಗೆ ಓದು ಯಾಕೆ ಎಂದು ಕೇಳುತ್ತಿದ್ದ ದಿನಗಳವು. ಆದರೆ ಈ ಮನೆಯಲ್ಲಿ ನಡೆದದ್ದೇ ಬೇರೆ. ಮಾವ ಆನಂದರಾಯರು ಸುಧಾರಣೆಯ ಮನಸ್ಸಿನವರು. ಸೊಸೆಯನ್ನು ಓದಿಗೆ ಹಚ್ಚಿದರು, ಉಮಾಬಾಯಿ ಮೆಟ್ರಿಕ್ ಪಾಸಾದರು. ಓದಿದ್ದನ್ನು ಕಪಾಟಿನಲ್ಲಿ ಇಡಲಿಕ್ಕೆ ಬಿಡದೆ, ಮುಂಬಯಿಯ ಮಹಿಳಾ ಸಮಾಜದಲ್ಲಿ ಇತರ ಹೆಂಗಸರಿಗೆ ಕಲಿಸುವ ಕೆಲಸಕ್ಕೂ ಮಾವನೇ ಜೊತೆಯಾದರು.

1920ರ ಆಗಸ್ಟ್ 1ರಂದು ಮುಂಬಯಿಯಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಅಂತಿಮಯಾತ್ರೆಗೆ ಬಂದ ಜನಸಾಗರ, ಅದನ್ನು ಸಂಭಾಳಿಸಿದ ಕಾಂಗ್ರೆಸ್ ಸ್ವಯಂಸೇವಕರು ಉಮಾಬಾಯಿಯವರ ಮನಸ್ಸಿನಲ್ಲಿ ನಿಂತುಬಿಟ್ಟರು. ತಾವೂ ಸ್ವಯಂಸೇವಕಿ ಆದರು.

ಗಂಡ ಎಳೆಯ ಪ್ರಾಯದಲ್ಲೇ ಹೋಗಿಬಿಟ್ಟರು. ವಿಧವೆಯಾದ ಸೊಸೆ ಒಳಕೋಣೆಯಲ್ಲಿ ಮೂಲೆ ಹಿಡಿದು ಕೂರಬೇಕು, ಅದು ಅಂದಿನ ರೀತಿ. ಮಗನನ್ನು ಕಳಕೊಂಡ ಅಪ್ಪನ ದುಃಖ ಸಣ್ಣದಲ್ಲ, ಆ ಸಂಕಟದಲ್ಲಿ ಸೊಸೆಯ ಬಾಳಿನ ಬಗ್ಗೆ ಯೋಚಿಸುವ ಮಾವಂದಿರು ಎಷ್ಟು ಮಂದಿ ಸಿಗುತ್ತಾರೆ ಹೇಳಿ? ಆನಂದರಾಯರು ಯೋಚಿಸಿದರು. ಸೊಸೆಯನ್ನು ಕರಕೊಂಡು ಹುಬ್ಬಳ್ಳಿಗೆ ಬಂದರು, ಅಲ್ಲಿ ಕರ್ನಾಟಕ ಪ್ರೆಸ್ ಹೆಸರಿನ ಮುದ್ರಣಾಲಯ ಹಾಕಿದರು. ಹೆಣ್ಣುಮಕ್ಕಳಿಗಾಗಿ ಇದ್ದ ತಿಲಕ್ ಕನ್ಯಾಶಾಲೆಯ ಹೊಣೆ ಉಮಾಬಾಯಿಯವರ ಹೆಗಲಿಗೆ ಬಂತು.

ಆಗ ಹುಬ್ಬಳ್ಳಿಯಲ್ಲಿ ಡಾ. ನಾ.ಸು. ಹರ್ಡೀಕರ್ ಇದ್ದರು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿ, ಅಮೆರಿಕದ ಮಿಷಿಗನ್‌ನಲ್ಲಿ ಸಾರ್ವಜನಿಕ ಆರೋಗ್ಯ ಓದಿ, 1921ರಲ್ಲಿ ಊರಿಗೆ ಮರಳಿದವರು. ಸ್ವಯಂಸೇವಕನಿಗೆ ಉತ್ಸಾಹ ಒಂದಿದ್ದರೆ ಸಾಲದು, ಶಿಸ್ತು ಮತ್ತು ತರಬೇತಿ ಬೇಕು ಎಂಬುದು ಅವರ ಹಟ. ಅದರ ಫಲವೇ ಹಿಂದುಸ್ತಾನಿ ಸೇವಾದಳ. 1923ರ ಡಿಸೆಂಬರ್‌ನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಅದು ರೂಪ ಪಡೆಯಿತು. ಆ ಅಧಿವೇಶನದ ಅಧ್ಯಕ್ಷರು ಖಿಲಾಫತ್ ಚಳವಳಿಯ ಮೌಲಾನಾ ಮುಹಮ್ಮದ್ ಅಲಿ ಎಂಬುದನ್ನು ನಮ್ಮ ಓದುಗರು ನೆನಪಿಡಬೇಕು. ಈ ದಳದ ಮಹಿಳಾ ವಿಭಾಗವನ್ನು ಉಮಾಬಾಯಿ ಮುನ್ನಡೆಸಿದರು.

ಮರುವರ್ಷವೇ ದೊಡ್ಡ ಪರೀಕ್ಷೆ ಬಂತು. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಕಾಂಗ್ರೆಸ್ ಅದು. ದೇಶದ ಮೂಲೆ ಮೂಲೆಯಿಂದ ಬರುವ ಜನರಿಗೆ ನೀರು, ಊಟ, ಸ್ವಚ್ಛತೆ, ದಾರಿ ತೋರಿಸುವವರು ಎಲ್ಲ ಆಗಬೇಕು. ಉಮಾಬಾಯಿ ಹರ್ಡೀಕರರ ಜೊತೆ ಊರೂರು ಸುತ್ತಿದರು. 150ಕ್ಕೂ ಹೆಚ್ಚು ಹೆಂಗಸರನ್ನು ಸ್ವಯಂಸೇವಕಿಯರಾಗಿ ಕಟ್ಟಿದರು. ಅವರಲ್ಲಿ ವಿಧವೆಯರೂ ಇದ್ದರು. ಇವತ್ತು ಈ ಸಂಖ್ಯೆ ಸಣ್ಣದು ಅನಿಸಬಹುದು. ಆದರೆ ಅಡುಗೆಮನೆಯಿಂದ ಅಂಗಳಕ್ಕೆ ಬರಲಿಕ್ಕೂ ಹಿರಿಯರನ್ನು ಕೇಳಬೇಕಾಗಿದ್ದ ಕಾಲ. ಒಬ್ಬೊಬ್ಬ ಹೆಂಗಸನ್ನು ಹೊರಗೆ ತರಲಿಕ್ಕೆ ಒಂದೊಂದು ಮನೆಯನ್ನೇ ಒಪ್ಪಿಸಬೇಕಿತ್ತು. ಸ್ವತಃ ವಿಧವೆಯಾಗಿದ್ದು, ಮಾವನ ಒಪ್ಪಿಗೆಯಿಂದಲೇ ಹೊರಗೆ ಬಂದವರು ಎದುರಿಗೆ ನಿಂತು ಕೇಳಿದಾಗ ಇಲ್ಲ ಅನ್ನುವುದು ಆ ಮನೆಗಳಿಗೂ ಕಷ್ಟವಾಗಿರಬೇಕು, ಇದು ನಮ್ಮ ಲೆಕ್ಕಾಚಾರ.

1932ರಲ್ಲಿ ಸರಕಾರ ಸೇವಾದಳವನ್ನು ನಿಷೇಧಿಸಿತು. ಉಮಾಬಾಯಿಯವರನ್ನೂ ಹಿಡಿದು ಪುಣೆಯ ಯರವಡಾ ಜೈಲಿಗೆ ಹಾಕಿದರು, ನಾಲ್ಕು ತಿಂಗಳು. ಅವರು ಒಳಗಿರುವಾಗಲೇ ಹುಬ್ಬಳ್ಳಿಯಲ್ಲಿ ಆನಂದರಾಯರು ಕಣ್ಣು ಮುಚ್ಚಿದರು. ಓದಿಸಿದವರು, ಊರು ಬದಲಿಸಿ ಹೊಸ ಬದುಕು ಕಟ್ಟಿಕೊಟ್ಟವರು; ಕೊನೆಗೆ ಮುಖ ನೋಡಲಿಕ್ಕೂ ಸಿಗಲಿಲ್ಲ. ಬಿಡುಗಡೆಯಾಗಿ ಬಂದರೆ ಕರ್ನಾಟಕ ಪ್ರೆಸ್ ಸರಕಾರದ ಪಾಲಾಗಿತ್ತು. ಶಾಲೆಗೆ ಬೀಗಮುದ್ರೆ ಬಿದ್ದಿತ್ತು. ಹೆಂಗಸರಿಗಾಗಿ ಕಟ್ಟಿದ್ದ ಭಗಿನಿ ಮಂಡಲವೂ ಕಾನೂನುಬಾಹಿರ ಎಂದು ಘೋಷಣೆಯಾಗಿತ್ತು. ನಲ್ವತ್ತರ ಆಸುಪಾಸಿನ ಆ ಹೆಂಗಸಿನ ಕೈಯಲ್ಲಿ ಉಳಿದದ್ದು ಒಂದು ಸಣ್ಣ ಮನೆ.

ತವರಿಗೋ ಮುಂಬಯಿಗೋ ಹೊರಟುಹೋಗಿದ್ದರೂ ಯಾರೂ ತಪ್ಪು ಹೇಳುತ್ತಿರಲಿಲ್ಲ. ಉಮಾಬಾಯಿ ಹುಬ್ಬಳ್ಳಿ ಬಿಡಲಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾಗಿ ಸಾವಿರಾರು ಮಂದಿ ಸತ್ತಾಗ, ಸ್ವಯಂಸೇವಕರ ಜೊತೆ ಅಲ್ಲಿಗೆ ಧಾವಿಸಿದರು. ಸಂತ್ರಸ್ತರ ನಡುವೆ ಹಗಲು ರಾತ್ರಿ ದುಡಿದರು. ಬಾಬು ರಾಜೇಂದ್ರ ಪ್ರಸಾದರ ಪರಿಚಯವಾದದ್ದು ಅಲ್ಲಿಯೇ. 1942ರ ಚಳವಳಿಯಲ್ಲಿ ಆ ಸಣ್ಣ ಮನೆಯೇ ದೊಡ್ಡದಾಯಿತು: ಭೂಗತರಾಗಿ ಓಡಾಡುತ್ತಿದ್ದ ಹೋರಾಟಗಾರರು ಹಸಿದು ಬಂದರೆ ಅಲ್ಲಿ ಊಟ ಉಂಟು, ಮಲಗಲು ಜಾಗ ಉಂಟು. ಪೊಲೀಸರ ಕಣ್ಣಿಗೆ ಬಿದ್ದರೆ ಮನೆಯೊಡತಿಗೂ ಜೈಲು ಎಂದು ಗೊತ್ತಿದ್ದೇ ಬಾಗಿಲು ತೆರೆದರು.

ಕಸ್ತೂರಬಾ 1944ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಟ್ರಸ್ಟ್ ಆಯಿತಲ್ಲ, ಅದರ ಕರ್ನಾಟಕದ ಜವಾಬ್ದಾರಿಯನ್ನು 1946ರಲ್ಲಿ ಗಾಂಧೀಜಿ ಉಮಾಬಾಯಿಯವರಿಗೇ ವಹಿಸಿದರು. ಹಳ್ಳಿಯ ಹೆಂಗಸರು, ಮಕ್ಕಳು, ಅವರ ಆರೋಗ್ಯ, ಓದು. ಹುಬ್ಬಳ್ಳಿಯಲ್ಲಿ ಅವರು ಮೊದಲಿಂದಲೂ ಮಾಡಿಕೊಂಡು ಬಂದದ್ದಕ್ಕೆ ಇದೇನೂ ದೂರದ್ದಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಹುದ್ದೆಗಳು ಹುಡುಕಿಕೊಂಡು ಬಂದವು. ಬೇಡ ಅಂದರು. ಹೋರಾಟಗಾರರಿಗೆ ಕೊಡುವ ತಾಮ್ರಪತ್ರ ಬಂತು, ಪಿಂಚಣಿ ಬಂತು. ಅದೂ ಬೇಡ ಅಂದರು. ಅರ್ಹರಲ್ಲದವರೂ ಅರ್ಜಿ ಹಿಡಿದು ಸಾಲು ನಿಲ್ಲುವುದನ್ನು ಕಂಡ ನಮಗೆ ಇದು ಕತೆಯಂತೆ ಕೇಳುತ್ತದೆ.

ಮಾವ ಹೋದ ಮೇಲೆ ಇನ್ನೂ ಅರುವತ್ತು ವರ್ಷ ಅವರು ಬದುಕಿದರು. ಜೈಲಿನಿಂದ ಬಂದಾಗ ಉಳಿದಿದ್ದ ಅದೇ ಸಣ್ಣ ಮನೆಯಲ್ಲಿ, ಸದ್ದಿಲ್ಲದೆ. 1992ರಲ್ಲಿ ಹುಬ್ಬಳ್ಳಿಯಲ್ಲೇ ತೀರಿಕೊಂಡಾಗ ನೂರರ ಪ್ರಾಯ. ಆ ಮನೆಯ ಹೆಸರು ‘ಆನಂದ ಸ್ಮೃತಿ’.