ಮಹಾವೀರಾಚಾರ್ಯ

ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಕರ್ನಾಟಕದಲ್ಲಿ ಬಾಳಿದ ಜೈನ ಗಣಿತಜ್ಞರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಇವರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಸಮಾನ ಅಂತರದಲ್ಲಿ ಎಣಿಸುತ್ತ ಹೋದಾಗ ಮೂಡುವ ಸಂಖ್ಯಾಶ್ರೇಢಿಯನ್ನು ಗಣಿತದ ಮೂಲಕ್ರಿಯೆಗಳಲ್ಲಿ ಒಂದಾಗಿ ನಿರೂಪಿಸಿದ್ದು ಇವರ ಗ್ರಂಥದ ವೈಶಿಷ್ಟ್ಯ.

ಕಾಲ ಮತ್ತು ಪರಿಸರ

ಮಹಾವೀರಾಚಾರ್ಯರ ಜೀವನವನ್ನು ಅರಿಯಲು ಅವರ ಗ್ರಂಥವೇ ಮುಖ್ಯ ಆಧಾರ. ಗ್ರಂಥಾರಂಭದಲ್ಲಿ ಅವರು ನೃಪತುಂಗನನ್ನು ಸ್ತುತಿಸಿ, ಅವನ ಆಳ್ವಿಕೆಗೆ ಶ್ರೇಯಸ್ಸನ್ನು ಕೋರಿದ್ದಾರೆ. ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಇಂದಿನ ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪ್ರದೇಶವೂ ಅವನ ಸಾಮ್ರಾಜ್ಯದಲ್ಲಿತ್ತು. ಅಂದು ಕೊಪಣವೆಂದು ಹೆಸರಾಗಿದ್ದ ಕೊಪ್ಪಳವು ಜೈನರ ಮಹಾತೀರ್ಥವಾಗಿತ್ತು. ಅದೇ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕೊಪಣನಗರವನ್ನು ಹೆಸರಿಸುತ್ತದೆ. ಲೋಕದ ಪ್ರಮಾಣ ಮತ್ತು ಕಾಲಮಾನಗಳನ್ನು ಬಹು ದೊಡ್ಡ ಸಂಖ್ಯೆಗಳಲ್ಲಿ ವಿವರಿಸುತ್ತಿದ್ದ ಜೈನ ವಿದ್ವಾಂಸರಿಗೆ ಗಣಿತವು ಶಾಸ್ತ್ರಾಧ್ಯಯನದ ಅಂಗವೇ ಆಗಿತ್ತು.

ಗಣಿತಸಾರಸಂಗ್ರಹ

ಒಂಬತ್ತು ಅಧ್ಯಾಯಗಳ ಈ ಗ್ರಂಥದಲ್ಲಿ 1,100ಕ್ಕೂ ಹೆಚ್ಚು ಪದ್ಯಗಳಿವೆ. ಅಂದಿನ ಹಲವು ಗಣಿತಕೃತಿಗಳು ಜ್ಯೋತಿಷಗ್ರಂಥಗಳ ಭಾಗವಾಗಿದ್ದವು. ಇದಾದರೋ ಗಣಿತಕ್ಕೇ ಮೀಸಲಾದುದು. ಪಾಕಶಾಸ್ತ್ರ, ವೈದ್ಯ, ವಾಸ್ತು, ಸಂಗೀತ ಮುಂತಾದ ಎಲ್ಲ ವ್ಯವಹಾರಗಳಿಗೂ ಗಣಿತ ಬೇಕೆಂಬುದು ಗ್ರಂಥಕಾರರ ನಿಲುವು. ಸೂತ್ರವನ್ನು ತಿಳಿಸಿ, ಬಳಿಕ ಲೆಕ್ಕಗಳನ್ನು ಕೊಡುವುದು ಅವರ ಬೋಧನಾಕ್ರಮ.

ಸಮಾನ ಅಂತರದ ಎಣಿಕೆ

ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಎಂಟು ಮೂಲಕ್ರಿಯೆಗಳಿವೆ. ಸಾಮಾನ್ಯ ಕೂಡುವ ಮತ್ತು ಕಳೆಯುವ ಲೆಕ್ಕಗಳ ಸ್ಥಾನದಲ್ಲಿ ಶ್ರೇಢಿಯ ಮೊತ್ತವಾದ ಸಂಕಲಿತವನ್ನೂ, ಇಡೀ ಶ್ರೇಢಿಯಿಂದ ಮೊದಲ ಭಾಗವನ್ನು ಕಳೆದು ಉಳಿದುದನ್ನು ಕಾಣುವ ವ್ಯುತ್ಕಲಿತವನ್ನೂ ಇಲ್ಲಿ ಇರಿಸಲಾಗಿದೆ. ಶ್ರೇಢಿಯ ಮೊದಲ ಸಂಖ್ಯೆ ಆದಿ, ಸಮಾನ ಹೆಚ್ಚಳ ಚಯ, ಪದಗಳ ಸಂಖ್ಯೆ ಗಚ್ಛ. ಉದಾಹರಣೆಗೆ, ಐದೈದರಂತೆ 5, 10, 15, 20 ಎಂದು ಎಣಿಸಿದಾಗ ಆದಿ 5, ಚಯ 5, ಗಚ್ಛ 4. ಮೊದಲ ಮತ್ತು ಕೊನೆಯ ಪದಗಳ ಮೊತ್ತವಾದ 25ರ ಅರ್ಧವನ್ನು 4ರಿಂದ ಗುಣಿಸಿದರೆ ಒಟ್ಟು ಮೊತ್ತ 50 ದೊರೆಯುತ್ತದೆ.

ಇದೇ ಎಣಿಕೆಯಿಂದ ವರ್ಗ ಮತ್ತು ಘನಗಳನ್ನು ಪಡೆಯುವ ವಿಧಾನವನ್ನೂ ಅವರು ತೋರಿಸಿದರು. ಒಂದರಿಂದ ಆರಂಭಿಸಿ ಎರಡೆರಡು ಹೆಚ್ಚಿಸುತ್ತ 1, 3, 5, 7 ಎಂದು ನಾಲ್ಕು ಪದಗಳನ್ನು ಕೂಡಿದರೆ 4ರ ವರ್ಗವಾದ 16 ಬರುತ್ತದೆ. ನಾಲ್ಕರಿಂದ ಆರಂಭಿಸಿ ಎಂಟೆಂಟು ಹೆಚ್ಚಿಸುತ್ತ 4, 12, 20, 28 ಎಂದು ಕೂಡಿದರೆ 4ರ ಘನವಾದ 64 ಬರುತ್ತದೆ. ಹೀಗೆ ಬಾಯಿಪಾಠದ ಎಣಿಕೆಯು ಸಂಖ್ಯೆಗಳ ಪರಸ್ಪರ ಸಂಬಂಧವನ್ನು ಅರಿಯುವ ಸಾಧನವಾಗುತ್ತದೆ.

ಭಿನ್ನರಾಶಿಗಳನ್ನು ಕೂಡಲು ಲಘುತಮ ಸಾಮಾನ್ಯ ಅಪವರ್ತ್ಯವನ್ನು ಅವರು ನಿರುದ್ಧ ಎಂಬ ಹೆಸರಿನಲ್ಲಿ ಬಳಸಿದರು. ನಾಲ್ಕುನಾಲ್ಕರ ಮತ್ತು ಆರಾರರ ಎಣಿಕೆಗಳು ಮೊದಲು ಕೂಡುವ 12 ಇದಕ್ಕೆ ಸರಳ ನಿದರ್ಶನ.

ಸಂಖ್ಯಾಹಾರಗಳು

ಕೆಲವು ಗುಣಲಬ್ಧಗಳಲ್ಲಿ ಅಂಕಿಗಳು ಹಾರದ ಮಣಿಗಳಂತೆ ಎರಡೂ ಕಡೆಯಿಂದ ಒಂದೇ ಕ್ರಮದಲ್ಲಿ ಕಾಣುವುದನ್ನು ಮಹಾವೀರಾಚಾರ್ಯರು ಗಮನಿಸಿ, ಅವನ್ನು ಕಂಠಾಭರಣಗಳಿಗೆ ಹೋಲಿಸಿದರು. 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111, 142857143ನ್ನು 7ರಿಂದ ಗುಣಿಸಿದರೆ 1000000001 ದೊರೆಯುತ್ತದೆ.

ಇತರ ಕೊಡುಗೆ ಮತ್ತು ಮಿತಿ

ಹಲವು ವಸ್ತುಗಳಿಂದ ಕೆಲವನ್ನು ಆಯುವ ವಿಧಗಳನ್ನು ಎಣಿಸಲು ಇವರು ಸಾಮಾನ್ಯ ಸೂತ್ರವನ್ನು ಕೊಟ್ಟರು. ಋಣಸಂಖ್ಯೆಯು ಯಾವುದರ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಸ್ಪಷ್ಟಪಡಿಸಿದರು. ಆದರೆ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆಂಬ ಅವರ ಹೇಳಿಕೆ ತಪ್ಪು. ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಭಾಸ್ಕರಾಚಾರ್ಯರು ಇಂತಹ ರಾಶಿಯನ್ನು ಖಹರವೆಂದು ಕರೆದು, ಅದನ್ನು ಅನಂತವೆಂದು ಪರಿಗಣಿಸಿದರು.

ಪ್ರಭಾವ

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. ಕನ್ನಡದಲ್ಲಿ ಹನ್ನೆರಡನೆಯ ಶತಮಾನದ ಜೈನಕವಿ ರಾಜಾದಿತ್ಯನು 'ವ್ಯವಹಾರಗಣಿತ' ಮೊದಲಾದ ಗಣಿತಕೃತಿಗಳನ್ನು ರಚಿಸಿದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಮೂಲವನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ ಮೇಲೆ ಗ್ರಂಥವು ಹೊರದೇಶಗಳ ವಿದ್ವಾಂಸರಿಗೂ ಪರಿಚಿತವಾಯಿತು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದ ಜೈನಮಠದಿಂದ ಹೊರಬಂದಿತು. ಇಂದು ಕರ್ನಾಟಕದ ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಸಮಾಂತರ ಶ್ರೇಢಿಯ ಪಾಠದಲ್ಲಿ ಕಲಿಯುವ ಮೊದಲ ಪದ, ಸಾಮಾನ್ಯ ವ್ಯತ್ಯಾಸ ಮತ್ತು ಪದಗಳ ಸಂಖ್ಯೆಗಳು ಮಹಾವೀರಾಚಾರ್ಯರ ಆದಿ, ಚಯ ಮತ್ತು ಗಚ್ಛಗಳೇ ಆಗಿವೆ.