ಹಕ್ಕಿಯ ಕಾಲಿಗೆ ಉಂಗುರ ತೊಡಿಸಿದ ಡಾ. ಸಲೀಂ ಅಲಿ

ಚೌತಿ ಕಳೆದು ಮಳೆ ಸ್ವಲ್ಪ ಬಿಡುವು ಕೊಡುವ ಹೊತ್ತಿಗೆ ನಿಮ್ಮ ತೋಟದ ತೋಡಿನ ಬದಿಗೋ ಮನೆಯಂಗಳಕ್ಕೋ ಒಂದು ಪುಟ್ಟ ಹಕ್ಕಿ ಬಂದು ಸೇರುವುದನ್ನು ನೀವು ಗಮನಿಸಿರಬಹುದು. ಬೆನ್ನು ಬೂದು, ಹೊಟ್ಟೆಯಡಿ ಹಳದಿ, ಉದ್ದನೆಯ ಬಾಲ. ನಿಂತಲ್ಲಿ ನಿಲ್ಲದೆ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತಾ ಹುಳ ಹೆಕ್ಕುತ್ತದೆ. ಬೂದು ಸಿಪಿಲೆ ಎಂದು ಇದರ ಹೆಸರು. ಬಂಟ್ವಾಳದ ಹೊಳೆ ಬದಿ, ಮೂಡಬಿದಿರೆಯ ಕೆರೆದಂಡೆ, ಬೆಳ್ತಂಗಡಿಯ ಘಟ್ಟದಡಿಯ ತೋಡುಗಳು ಇದಕ್ಕೆ ಪ್ರಿಯ. ಅಂಗಳದಲ್ಲಿ ಅಡಿಕೆ ಒಣಗುವಷ್ಟು ಕಾಲವೂ ಇಲ್ಲೇ ಇದ್ದು, ಬಿಸು ಹತ್ತಿರವಾದಂತೆ ಕಾಣೆಯಾಗುತ್ತದೆ. ಹಿಮಾಲಯದ ಹಳ್ಳಗಳ ದಡದಲ್ಲೋ ಅದರಾಚೆಯ ಶೀತ ನಾಡುಗಳಲ್ಲೋ ಮೊಟ್ಟೆಯಿಟ್ಟು ಮರಿ ಮಾಡಿ, ಚಳಿಗೆ ಮೊದಲೇ ಪುನಃ ದಕ್ಷಿಣಕ್ಕೆ ಹೊರಡುತ್ತದೆ.

ಕಳೆದ ವರ್ಷ ನಿಮ್ಮ ಅಂಗಳದಲ್ಲಿದ್ದ ಹಕ್ಕಿಯೇ ಈ ವರ್ಷವೂ ಬಂದಿದೆಯೆಂದು ಹೇಗೆ ತಿಳಿಯುವುದು? ಹಕ್ಕಿಗಳೆಲ್ಲ ನೋಡಲು ಒಂದೇ ತೆರ. ಗುರುತು ಹಾಕದೆ ಹೇಳುವಂತಿಲ್ಲ. ಮಂದೆಯಲ್ಲಿ ನಮ್ಮ ದನ ಯಾವುದೆಂದು ತಿಳಿಯಲು ಕೊರಳಿಗೆ ಗಂಟೆಯೋ ಮರದ ಬೊಂಕವೋ ಕಟ್ಟುವುದಿಲ್ಲವೇ? ಹಾಗೆಯೇ ಹಕ್ಕಿಯ ಕಾಲಿಗೆ ಸಂಖ್ಯೆ ಕೊರೆದ ಹಗುರವಾದ ಅಲ್ಯೂಮಿನಿಯಂ ಉಂಗುರ ತೊಡಿಸುವ ಪದ್ಧತಿ 1899ರಲ್ಲಿ ಡೆನ್ಮಾರ್ಕ್ ದೇಶದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದವರು ಡಾ. ಸಲೀಂ ಅಲಿ. ಆ ಕಾರ್ಯಕ್ಕೆ ಅವರಿಗೆ ಹಣ ಒದಗಲು ಕಾರಣವಾದದ್ದು ನಮ್ಮ ಮಲೆನಾಡಿನ ಒಂದು ರೋಗ. ಬೆಳ್ತಂಗಡಿಯವರು ಮರೆಯಲಾರದ ಮಂಗನ ಕಾಯಿಲೆಯೇ ಅದು.

ಸಲೀಂ ಅಲಿಯವರು ಹುಟ್ಟಿದ್ದು 1896ರ ನವೆಂಬರ್ 12ರಂದು, ಮುಂಬಯಿಯಲ್ಲಿ. ಮನೆಯ ಹತ್ತನೆಯ ಮಗು. ವರ್ಷ ತುಂಬುವಾಗ ತಂದೆ ಇಲ್ಲ, ಮೂರು ವರ್ಷವಾಗುವಾಗ ತಾಯಿಯೂ ಇಲ್ಲ. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ತಬ್ಬಲಿ ಮಕ್ಕಳನ್ನು ಸಾಕಿದರು. ಮಾವ ಬೇಟೆಗಾರರು. ಹುಡುಗನಿಗೂ ಒಂದು ಗಾಳಿಕೋವಿ ಸಿಕ್ಕಿತು. ಒಂದು ದಿನ ಹೊಡೆದುರುಳಿಸಿದ ಗುಬ್ಬಚ್ಚಿಯ ಕೊರಳಲ್ಲಿ ಹಳದಿ ಮಚ್ಚೆ ಕಂಡು ಹುಡುಗನಿಗೆ ಸೋಜಿಗವಾಯಿತು. ಮಾವ ಕೊಟ್ಟ ಕಾಗದ ಹಿಡಿದುಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಾಗ, ಅಲ್ಲಿನ ಗೌರವ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಆಂಗ್ಲರು ಅದು ಊರಗುಬ್ಬಿಯಲ್ಲ, ಹಳದಿ ಕತ್ತಿನ ಬೇರೆಯೇ ಗುಬ್ಬಿ ಎಂದು ತಿಳಿಸಿ, ಕಪಾಟು ತೆರೆದು ನೂರಾರು ಹಕ್ಕಿಗಳ ಚರ್ಮಗಳನ್ನು ತೋರಿಸಿದರು. ಹುಡುಗನ ಮುಂದಿನ ಬಾಳು ಅಲ್ಲಿಯೇ ನಿಶ್ಚಯವಾಯಿತೆನ್ನಬಹುದು. ಎಂಬತ್ತೆಂಟರ ವಯಸ್ಸಿನಲ್ಲಿ, 1985ರಲ್ಲಿ, ಹೊರತಂದ ಆತ್ಮಕಥೆಗೂ ಅವರು ಆ ಗುಬ್ಬಿಯ ಹೆಸರನ್ನೇ ಇಟ್ಟರು.

ಆದರೆ ಹಕ್ಕಿಯಿಂದ ಹೊಟ್ಟೆ ತುಂಬಬೇಕಲ್ಲ! ಬರ್ಮಾದಲ್ಲಿ ಅಣ್ಣನ ಗಣಿ ಮತ್ತು ಮರದ ವ್ಯಾಪಾರಕ್ಕೆ ನೆರವಾದರು, ಅದು ಕೈಗೂಡಲಿಲ್ಲ. ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಸರಕಾರಿ ಪ್ರಾಣಿ ಸರ್ವೇಕ್ಷಣ ಇಲಾಖೆಯಲ್ಲಿ ಕೆಲಸ ಸಿಗಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ನೋಡಬಂದವರಿಗೆ ವಿವರಣೆ ನೀಡುವ ಕೆಲಸ ಸಿಕ್ಕಿತು. ಆಮೇಲೆ ರಜೆ ಹಾಕಿ ಜರ್ಮನಿಗೆ ಹೋಗಿ, ಬರ್ಲಿನ್ನಿನಲ್ಲಿ ಸ್ಟ್ರೆಸೆಮಾನ್ ಎಂಬ ಪಕ್ಷಿಶಾಸ್ತ್ರಜ್ಞರ ಬಳಿ ಕಲಿತರು. ಉತ್ತರ ಸಮುದ್ರದ ಹೆಲಿಗೋಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ ವಲಸೆ ಹಕ್ಕಿಗಳನ್ನು ಹಿಡಿದು ಉಂಗುರ ತೊಡಿಸುವುದನ್ನು ಅವರು ನೋಡಿ ಕಲಿತದ್ದು ಆಗಲೇ. 1930ರಲ್ಲಿ ತಿರುಗಿ ಬಂದಾಗ ಮುಂಬಯಿಯ ಹುದ್ದೆಯೇ ರದ್ದಾಗಿತ್ತು.

ಇಂಥಲ್ಲಿ ಬೇರೆಯವರಾದರೆ ಹಕ್ಕಿಯ ಗೊಡವೆ ಬಿಡುತ್ತಿದ್ದರು. ಸಲೀಂ ಅಲಿಯವರು ಪತ್ನಿ ತೆಹಮೀನಾರೊಂದಿಗೆ ಅಲಿಬಾಗದ ಬಳಿಯ ಕಿಹೀಮ್ ಎಂಬ ಕಡಲ ತಡಿಯ ಹಳ್ಳಿಗೆ ಹೋಗಿ ನೆಲೆಸಿ, ಗೀಜಗನ ಗೂಡುಗಳನ್ನು ತಿಂಗಳುಗಟ್ಟಲೆ ಕಾದು ನೋಡಿದರು. ಗಂಡು ಗೀಜಗ ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಮಾತ್ರ ಅದು ಪೂರ್ತಿಯಾಗುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಕುಳಿತ ಮೇಲೆ ಗಂಡು ಇನ್ನೊಂದು ಗೂಡಿಗೆ ತೊಡಗಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಗದ್ದೆ ಬದಿಯ ಈಚಲಿನಲ್ಲಿ ನೀವೂ ನಾವೂ ಕಂಡ ಗೂಡುಗಳೇ. ಆದರೆ ಅಷ್ಟು ಹೊತ್ತು ಕೂತು ನೋಡಿದವರು ಯಾರು?

ಅನಂತರ ಅವರು ದೇಶೀಯ ಸಂಸ್ಥಾನಗಳಿಗೆ ಒಂದು ಸೂಚನೆ ಮುಂದಿಟ್ಟರು. ಸಂಬಳ ಬೇಡ, ಬಿಡಾರ ಮತ್ತು ಪ್ರಯಾಣದ ಖರ್ಚು ಕೊಟ್ಟರೆ ಸಾಕು, ನಿಮ್ಮ ಸೀಮೆಯ ಹಕ್ಕಿಗಳ ಲೆಕ್ಕ ಒಪ್ಪಿಸುತ್ತೇನೆ ಎಂಬುದು ಅದರ ಸಾರಾಂಶ. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಸಮೀಕ್ಷೆ ಹೀಗೆ ನಡೆಯಿತು. 1939ರಲ್ಲಿ ಸಣ್ಣದೊಂದು ಶಸ್ತ್ರಚಿಕಿತ್ಸೆಯ ಬಳಿಕ ತೆಹಮೀನಾ ತೀರಿಕೊಂಡರು. ಮಕ್ಕಳಿರಲಿಲ್ಲ. ಆ ದುಃಖದಲ್ಲೇ 1939-40ರಲ್ಲಿ ಮೈಸೂರು ಸಂಸ್ಥಾನದ ಕಾಡು ಮೇಡುಗಳನ್ನು ಸುತ್ತಿದರು. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿದ್ದರಿಂದ ಆ ಸಮೀಕ್ಷೆ ಘಟ್ಟದ ಮೇಲೆಯೇ ಮುಗಿಯಿತು. 1941ರಲ್ಲಿ ಬಂದ ಅವರ ಭಾರತದ ಪಕ್ಷಿಗಳ ಪುಸ್ತಕ ಸಾಮಾನ್ಯ ಓದುಗನಿಗೂ ಹಕ್ಕಿಯ ಪರಿಚಯ ಮಾಡಿಸಿತು.

ಇನ್ನು ಉಂಗುರದ ವಿಷಯಕ್ಕೆ ಬರೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಕಾಡಿಗೆ ಸೌದೆಗೂ ಸೊಪ್ಪಿಗೂ ಹೋದವರು ಜ್ವರದಿಂದ ಮಲಗಿದರು, ಹಲವರು ಏಳಲೇ ಇಲ್ಲ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಾಣುವನ್ನು ಬೇರ್ಪಡಿಸಿ ನೋಡಿದರೆ, ಅದು ಸೈಬೀರಿಯ ಕಡೆಯ ಒಂದು ಮಿದುಳುಜ್ವರದ ರೋಗಾಣುವಿಗೆ ಹತ್ತಿರದ ನೆಂಟ. ಎಲ್ಲಿಯ ಸೈಬೀರಿಯ, ಎಲ್ಲಿಯ ಸೊರಬ! ನಡುವೆ ವರ್ಷ ವರ್ಷವೂ ಓಡಾಡುವವು ವಲಸೆ ಹಕ್ಕಿಗಳು ಮಾತ್ರ. ಅವುಗಳ ಮೈಗೆ ಕಚ್ಚಿದ ಉಣುಗಿನ ಮೂಲಕ ರೋಗ ಇಳಿದು ಬಂದಿರಬಹುದೇ ಎಂಬ ಸಂಶಯ ಹುಟ್ಟಿತು. ಅದನ್ನು ಪರೀಕ್ಷಿಸಲು ಹಕ್ಕಿ ಹಿಡಿಯಬಲ್ಲವರು ಬೇಕಾದರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರ ಹೊತ್ತಿಗೆ ಮುಂಬಯಿಯ ಸೊಸೈಟಿಯಲ್ಲಿ ಪಕ್ಷಿ ವಲಸೆ ಅಧ್ಯಯನ ಆರಂಭವಾಯಿತು. ಅದರ ನೊಗ ಹೊತ್ತಾಗ ಸಲೀಂ ಅಲಿಯವರಿಗೆ ಅರುವತ್ತು ದಾಟಿತ್ತು.

ಕೆಲಸ ನಡೆಯುತ್ತಿದ್ದ ಕ್ರಮ ಹೀಗೆ. ನಸುಕಿಗೆ ಮೊದಲೇ ಪೊದೆಗಳ ನಡುವೆ, ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಯನ್ನು ಕೋಲುಗಳಿಗೆ ಕಟ್ಟಬೇಕು. ಹಾರಿಬಂದ ಹಕ್ಕಿ ಬಲೆಯ ಮಡಿಕೆಯೊಳಗೆ ಬೀಳುತ್ತದೆ. ಬಿಸಿಲು ಏರಿದರೆ ಅದು ಸಾಯಬಹುದು, ಆದ್ದರಿಂದ ಗಳಿಗೆಗೊಮ್ಮೆ ಹೋಗಿ ನೋಡಬೇಕು. ಕಾಲು, ರೆಕ್ಕೆ, ತಲೆ ಎಂದು ಒಂದೊಂದಾಗಿ ನೂಲು ಬಿಡಿಸಿ ಬಟ್ಟೆಯ ಚೀಲಕ್ಕೆ ಹಾಕಿ ಬಿಡಾರಕ್ಕೆ ತರಬೇಕು. ಜಾತಿ ಯಾವುದು, ರೆಕ್ಕೆ ಎಷ್ಟು ಉದ್ದ, ತೂಕ ಎಷ್ಟು ಎಂದು ಬರೆದುಕೊಂಡು, ಕಿವಿಯ ಸುತ್ತ ಕಣ್ಣಿನ ಸುತ್ತ ಕಚ್ಚಿದ ಉಣುಗುಗಳನ್ನು ಚಿಮುಟದಿಂದ ತೆಗೆದು ಸೀಸೆಗೆ ಹಾಕಿ, ಇಕ್ಕಳದಿಂದ ಉಂಗುರ ಒತ್ತಿ ಹಾರಲು ಬಿಡಬೇಕು. ಹಸುರು ಉಲಿಯಕ್ಕಿಯಂಥದ್ದು ಒಂದು ಒಣ ಅಡಿಕೆಯಷ್ಟೇ ತೂಗುತ್ತದೆ. ಅದರ ಕಾಲು ಮುರಿಯದಂತೆ ಉಂಗುರ ಹಾಕಲು ಎಂಥ ಕೈ ಬೇಕೆಂದು ಊಹಿಸಿ. ಬಿಹಾರದ ಮೀರ್‌ಶಿಕಾರ್ ಎಂಬ ಹಕ್ಕಿ ಹಿಡಿಯುವ ಜನರನ್ನು ಸಲೀಂ ಅಲಿಯವರು ಕರೆಸಿಕೊಂಡರು. ಮಾರಲೆಂದು ಹಿಡಿಯುತ್ತಿದ್ದ ಆ ಕೈಗಳೇ ಬಿಡಲೆಂದು ಹಿಡಿದವು. ಯುವ ಸಂಶೋಧಕರ ಜೊತೆಗೆ ಸೊಸೈಟಿಯ ಸದಸ್ಯರಲ್ಲಿ ಆಸಕ್ತರಾದವರು ಸ್ವಯಂಸೇವಕರಾಗಿ ಕೈಜೋಡಿಸಿದರು. ಬಿಡಾರದಲ್ಲಿ ಸಲೀಂ ಅಲಿಯವರ ಶಿಸ್ತು ಕಟ್ಟುನಿಟ್ಟು. ಗೊರಕೆ ಹೊಡೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲವಂತೆ!

ಮೊದಲ ಹಂತದ ಈ ಕೆಲಸ ಸುಮಾರು 1973ರ ತನಕ ನಡೆಯಿತು. ಉಂಗುರಗಳು ಮಾತನಾಡತೊಡಗಿದವು. ಭಾರತದಲ್ಲಿ ಉಂಗುರ ತೊಟ್ಟ ಹಳದಿ ಸಿಪಿಲೆಗಳು ಆಫ್ಘಾನಿಸ್ತಾನದಲ್ಲಿ, ಅಂದಿನ ಸೋವಿಯತ್ ನಾಡುಗಳಲ್ಲಿ ಸಿಕ್ಕಿದವು. ಮೊದಲು ಹೇಳಿದ ಬೂದು ಸಿಪಿಲೆಯ ವಿಷಯವೂ ಇತ್ಯರ್ಥವಾಯಿತು. ಮುಂಬಯಿಯ ಹೊರವಲಯದ ಒಂದು ಮನೆಯೆದುರಿನ ತುಂಡು ಹುಲ್ಲುನೆಲಕ್ಕೆ ಅದೇ ಉಂಗುರದ ಹಕ್ಕಿ ಮರಳಿ ಬಂದದ್ದು ದಾಖಲಾಯಿತು. ನಿಮ್ಮ ಅಂಗಳದ್ದೂ ಹಳೆಯ ಪರಿಚಯದ್ದೇ ಇರಬಹುದು.

ರೋಗದ ಮಟ್ಟಿಗೆ ಮಾತ್ರ, ಸೈಬೀರಿಯದಿಂದ ಹಕ್ಕಿಗಳು ಅದನ್ನು ಹೊತ್ತು ತಂದವೆಂಬುದಕ್ಕೆ ಪುರಾವೆ ದೊರೆಯಲಿಲ್ಲ. ನೆಲದಲ್ಲಿ ಮೇಯುವ ಹಕ್ಕಿಗಳ ಮೈಮೇಲೆ ಉಣುಗು ಇರುವುದು ನಿಜ. ಇಲಿ, ಮೂಗಿಲಿ, ಮಂಗ, ದನಗಳ ಮೇಲೂ ಇರುತ್ತದೆ. ರೋಗಾಣು ನಮ್ಮ ಕಾಡಿನ ಉಣುಗು ಮತ್ತು ಸಣ್ಣ ಪ್ರಾಣಿಗಳ ನಡುವೆ ಸದ್ದಿಲ್ಲದೆ ಇದ್ದು, ಕಾಡಿನೊಳಗೆ ಮನುಷ್ಯರ ಮತ್ತು ದನಗಳ ಓಡಾಟ ಹೆಚ್ಚಿದಾಗ ಹೊರಬಿತ್ತೆಂಬುದೇ ತಜ್ಞರ ಅಭಿಪ್ರಾಯವಾಯಿತು.

ಹಕ್ಕಿಗಳ ಮೇಲಿನ ಸಂಶಯ ಹಗುರವಾಗುವಷ್ಟರಲ್ಲಿ ಸಂಶಯ ಸಲೀಂ ಅಲಿಯವರತ್ತಲೇ ತಿರುಗಿತು. ಈ ಅಧ್ಯಯನಕ್ಕೆ ಅಮೆರಿಕದ ಸೈನ್ಯಕ್ಕೆ ಸಂಬಂಧಿಸಿದ ಒಂದು ಯೋಜನೆಯಿಂದಲೂ ಹಣ ಬಂದಿತ್ತು. ಹಕ್ಕಿಗಳ ಮೂಲಕ ರೋಗ ಹರಡುವ ಯುದ್ಧವಿದ್ಯೆಗೆ ಇಲ್ಲಿಯ ಮಾಹಿತಿ ಹೋಗುತ್ತಿದೆಯೇ ಎಂದು 1974-75ರಲ್ಲಿ ಪತ್ರಿಕೆಗಳಲ್ಲೂ ಸಂಸತ್ತಿನ ಸಮಿತಿಯಲ್ಲೂ ಪ್ರಶ್ನೆ ಎದ್ದಿತು. ಸಲೀಂ ಅಲಿಯವರು ಆ ಆರೋಪವನ್ನು ಖಂಡಿತವಾಗಿ ನಿರಾಕರಿಸಿದರು. ಪ್ರಶ್ನೆ ಕೇಳಿದ್ದು ತಪ್ಪಲ್ಲ. ಹಣ ಕೊಡುವವನ ಉದ್ದೇಶವನ್ನು ಮೊದಲೇ ವಿಚಾರಿಸಬೇಕಾದದ್ದೇ. ಆದರೆ ಅವರು ಕೂಡಿಹಾಕಿದ್ದು ಹಕ್ಕಿಯ ದಾರಿಯ ಲೆಕ್ಕವನ್ನು. ಆ ಲೆಕ್ಕ ಇಂದಿಗೂ ಉಪಯೋಗಕ್ಕೆ ಬರುತ್ತಿದೆ.

ಅಷ್ಟರಲ್ಲಿ ರೋಗ ಘಟ್ಟ ಇಳಿಯಿತು. 1982ರ ಕೊನೆಗೆ ಬೆಳ್ತಂಗಡಿ ತಾಲೂಕಿನ ನಿಡ್ಲೆ, ಪಟ್ರಮೆ ಕಡೆ ಮಂಗಗಳು ಸಾಯತೊಡಗಿದವು. ಅಲ್ಲಿ ದಟ್ಟ ಕಾಡು ಕಡಿದು ಗೇರು ತೋಪು ಎಬ್ಬಿಸುವ ಕೆಲಸ ನಡೆದಿತ್ತು. 1983ರ ಬೇಸಗೆ ಮುಗಿಯುವುದರೊಳಗೆ ಸಾವಿರಕ್ಕೂ ಮಿಕ್ಕಿ ಜನ ಕಾಯಿಲೆ ಬಿದ್ದರು, ನೂರಕ್ಕೂ ಮಿಕ್ಕಿ ಜನ ತೀರಿಕೊಂಡರು. ಆ ಬೇಸಗೆಯನ್ನು ಕಂಡ ಹಿರಿಯರು ನಿಮ್ಮಲ್ಲಿ ಅನೇಕರಿರಬಹುದು. ಆ ಸಾವುಗಳಿಗೆ ಸೈಬೀರಿಯದ ಹಕ್ಕಿಯ ಕಡೆ ಬೆರಳು ತೋರಿಸುವಂತಿರಲಿಲ್ಲ.

ಆದುದರಿಂದ ನವೆಂಬರಿನಿಂದ ಮೇ ತನಕ ತರಗೆಲೆ, ಸೊಪ್ಪು, ಸೌದೆಗೆ ಕಾಡಿಗೆ ಹೋಗುವವರು ಮೈಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯವರು ಕೊಡುವ ಉಣುಗು ನಿವಾರಕ ತೈಲ ಹಚ್ಚಿಕೊಳ್ಳಬೇಕು. ಮನೆಗೆ ಬಂದೊಡನೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಬೇಕು. ಮುಜುವೋ ಮಂಗನೋ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬಾರದು, ಏಕೆಂದರೆ ಸತ್ತ ಮೈಯಿಂದ ಉಣುಗು ಇಳಿದು ಸುತ್ತ ಹರಡಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಗಿದೆ.

ಸಲೀಂ ಅಲಿಯವರಿಗೆ 1976ರಲ್ಲಿ ಪದ್ಮವಿಭೂಷಣ ಬಂತು. ಆ ಕಾಲದಲ್ಲೇ ದೊರೆತ 50,000 ಡಾಲರಿನ ಗೆಟ್ಟಿ ಪ್ರಶಸ್ತಿಯ ಹಣವನ್ನು ಪ್ರಕೃತಿ ಸಂರಕ್ಷಣೆಯ ನಿಧಿಗೆಂದು ಸೊಸೈಟಿಗೆ ಕೊಟ್ಟುಬಿಟ್ಟರು. ಅಮೆರಿಕದ ರಿಪ್ಲಿಯವರೊಡನೆ ಬರೆದ ಹತ್ತು ಸಂಪುಟಗಳ ಪಕ್ಷಿ ಕೈಪಿಡಿ 1974ರಲ್ಲಿ ಮುಗಿದಿತ್ತು. 1980ರ ನಂತರ ಭರತಪುರದಲ್ಲೂ ತಮಿಳುನಾಡಿನ ಕೋಡಿಕ್ಕರೆಯಲ್ಲೂ ಉಂಗುರದ ಕೆಲಸ ಮತ್ತೆ ಭರದಿಂದ ನಡೆಯಿತು. 1985ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಅವರು 1987ರ ಜೂನ್ 20ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಮುಂಬಯಿಯಲ್ಲಿ ತೀರಿಕೊಂಡರು.

ಈ ಚಳಿಗಾಲದಲ್ಲಿ ಕಾಲಿಗೆ ಉಂಗುರವಿರುವ ಹಕ್ಕಿ ನಿಮ್ಮ ಕಣ್ಣಿಗೆ ಬೀಳಬಹುದು. ಹಿಡಿಯಲು ಹೋಗಬೇಡಿ. ಪರವಾನಗಿ ಇಲ್ಲದೆ ಬಲೆ ಕಟ್ಟುವುದು ಕಾನೂನಿಗೆ ವಿರುದ್ಧ. ಗೋಡೆಗೆ ಬಡಿದೋ ಬಾವಿಬಲೆಗೆ ಸಿಕ್ಕಿಯೋ ಕೈಗೆ ಬಂದ ಜೀವಂತ ಹಕ್ಕಿಯಾದರೆ ಉಂಗುರ ಕಳಚಬೇಡಿ. ಅದರ ಮೇಲಿನ ಅಕ್ಷರ, ಅಂಕೆಗಳನ್ನು ಬರೆದುಕೊಂಡು ಹಾರಬಿಡಿ. ಸತ್ತದ್ದಾದರೆ ಬರಿಗೈಯಲ್ಲಿ ಮುಟ್ಟದೆ, ಉಂಗುರದ ಅಕ್ಷರ, ಅಂಕೆಗಳನ್ನಷ್ಟೇ ಓದಿಕೊಳ್ಳಿ. ಸಿಕ್ಕಿದ ದಿನ, ಊರು, ತಾಲೂಕು ಬರೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ಹಾರ್ನ್‌ಬಿಲ್ ಹೌಸ್, ಶಹೀದ್ ಭಗತ್ ಸಿಂಗ್ ರಸ್ತೆ, ಮುಂಬಯಿ ಎಂಬ ವಿಳಾಸಕ್ಕೆ ಕಳುಹಿಸಿ. ಉಂಗುರ ಬೇರೆ ದೇಶದ್ದಾದರೂ ಅಡ್ಡಿಯಿಲ್ಲ, ಬರೆಯಿರಿ.