ಅಲೆಗ್ಸಾಂಡರ್ ಫ್ಲೆಮಿಂಗ್ ಮತ್ತು ಔಷಧದ ಅಳತೆ

ಮಹಾಪುರುಷರ ಜೀವನವನ್ನು ಬರೆಯುವವರು ಸಾಮಾನ್ಯವಾಗಿ ಅವರ ಬಾಳಿನ ಒಂದು ಶುಭಮುಹೂರ್ತವನ್ನು ಹಿಡಿದುಕೊಂಡು, ಉಳಿದುದನ್ನೆಲ್ಲ ಅದಕ್ಕೆ ಪೀಠಿಕೆಯನ್ನಾಗಿ ಮಾಡಿಬಿಡುತ್ತಾರೆ. ಅಲೆಗ್ಸಾಂಡರ್ ಫ್ಲೆಮಿಂಗನ ವಿಷಯದಲ್ಲಿಯೂ ಹಾಗೆಯೇ ಆಗಿದೆ. ತೆರೆದ ಕಿಟಕಿ, ಗಾಜಿನ ತಟ್ಟೆ, ಅದರ ಮೇಲೆ ಬಂದು ಬೆಳೆದ ಬೂಷ್ಟು, ಇಷ್ಟನ್ನು ನಮ್ಮ ಶಾಲೆಯ ಆರನೆಯ ಇಯತ್ತೆಯ ಮಕ್ಕಳೂ ಹೇಳಬಲ್ಲರು. ಆದರೆ ಔಷಧವನ್ನು ಕಂಡುಹಿಡಿಯುವುದು ಒಂದು ಕೆಲಸ. ಅದನ್ನು ರೋಗಿಗೆ ಎಷ್ಟು, ಯಾವಾಗ, ಯಾವ ಮಾರ್ಗದಿಂದ, ಎಷ್ಟು ದಿನ ಕೊಡಬೇಕೆಂಬುದನ್ನು ನಿರ್ಣಯಿಸುವುದೂ, ಕೊಟ್ಟ ಮೇಲೆ ಹಾಸಿಗೆಯ ಪಕ್ಕದಲ್ಲಿ ನಿಂತು ಅದರ ಪರಿಣಾಮವನ್ನು ನೋಡುವುದೂ ಇನ್ನೊಂದು ಕೆಲಸ. ಈ ಎರಡನೆಯ ಕೆಲಸದಲ್ಲಿ ಫ್ಲೆಮಿಂಗನಿಗಿದ್ದ ಪಾಲನ್ನು ಜನರು ಅಷ್ಟಾಗಿ ಅರಿಯರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ದಾದಿಯರ ಶಿಕ್ಷಣಕ್ಕೆ ಸೇರಿರುವುದರಿಂದ, ಅದನ್ನೇ ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದು ನಾವು ಸಂಕಲ್ಪಿಸಿದ್ದೇವೆ.

ಫ್ಲೆಮಿಂಗನು ೧೮೮೧ನೆಯ ಇಸವಿ ಆಗಸ್ಟ್ ೬ರಂದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದಲ್ಲಿ, ಡಾರ್ವೆಲ್ ಎಂಬ ಊರಿನ ಸಮೀಪದ ಲಾಕ್‌ಫೀಲ್ಡ್ ಎಂಬ ಒಕ್ಕಲು ಮನೆಯಲ್ಲಿ ಜನಿಸಿದನು. ಏಳನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಹಳ್ಳಿಯ ಹುಡುಗನಾದ ಇವನಿಗೆ ದಿನವೂ ಮೈಲಿಗಟ್ಟಲೆ ನಡೆದು ಶಾಲೆಗೆ ಹೋಗುವುದು ಅಭ್ಯಾಸವಾಗಿದ್ದಿತು. ಹದಿಹರೆಯದಲ್ಲಿ ಲಂಡನ್ನಿಗೆ ಬಂದು, ಸ್ವಲ್ಪಕಾಲ ಓದಿ, ಒಂದು ಹಡಗು ವ್ಯಾಪಾರದ ಕಚೇರಿಯಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿ ದುಡಿದನು. ಚಿಕ್ಕಪ್ಪನೊಬ್ಬನ ಆಸ್ತಿಯಲ್ಲಿ ಸಣ್ಣ ಪಾಲು ಬಂದುದರಿಂದಲೂ, ವೈದ್ಯನಾಗಿದ್ದ ಅಣ್ಣ ಟಾಮನ ಸಲಹೆಯಿಂದಲೂ ಸೇಂಟ್ ಮೇರಿಸ್ ಆಸ್ಪತ್ರೆಯ ವೈದ್ಯಶಾಲೆಯನ್ನು ಸೇರಿ, ೧೯೦೬ರಲ್ಲಿ ತೇರ್ಗಡೆಯಾದನು. ಆ ಮೇಲೆ ಶಸ್ತ್ರವೈದ್ಯನಾಗಿ ಬೇರೆಡೆಗೆ ಹೋಗಬೇಕಾಗಿದ್ದವನನ್ನು ಆ ಆಸ್ಪತ್ರೆಯಲ್ಲಿಯೇ ಉಳಿಸಿದುದು ಬಂದೂಕಿನ ಗುರಿ! ಆತನು ಒಳ್ಳೆಯ ಗುರಿಕಾರನಾಗಿದ್ದನು. ತಮ್ಮ ತಂಡದಿಂದ ಇಂಥವನು ತಪ್ಪಿಹೋಗಬಾರದೆಂದು ಗೆಳೆಯರು ಅವನನ್ನು ಸರ್ ಆಲ್ಮ್‌ರಾತ್ ರೈಟನ ಪ್ರಯೋಗಶಾಲೆಗೆ ಸೇರಿಸಿದರೆಂದು ಹೇಳುವರು. ಮನುಷ್ಯನ ದೈವವು ಎಂತೆಂತಹ ಬಾಗಿಲುಗಳಿಂದ ಬರುತ್ತದೆಯೋ!

ರೈಟನ ಶಾಲೆಯಲ್ಲಿ ಫ್ಲೆಮಿಂಗನಿಗೆ ಮೊದಲು ಹೆಸರು ತಂದುದು ಪೆನಿಸಿಲಿನ್ ಅಲ್ಲ, ಸಾಲ್ವರ್ಸಾನ್. ಜರ್ಮನಿಯ ಪಾಲ್ ಏರ್ಲಿಖನು ೧೯೧೦ರಲ್ಲಿ ಲೋಕಕ್ಕೆ ನೀಡಿದ ಈ ಔಷಧವು ಸಿಫಿಲಿಸ್ ಎಂಬ ಘೋರರೋಗಕ್ಕೆ ರಾಮಬಾಣವೆನಿಸಿದ್ದಿತು. ಆದರೆ ಅದನ್ನು ಕೊಡುವುದು ಹುಡುಗಾಟವಾಗಿರಲಿಲ್ಲ. ಹಳದಿಯ ಪುಡಿಯನ್ನು ಶುದ್ಧವಾದ ನೀರಿನಲ್ಲಿ ಕರಗಿಸಿ, ಅದರ ಆಮ್ಲಗುಣವನ್ನು ಕ್ಷಾರದಿಂದ ಸರಿಪಡಿಸಿ, ಗಾಳಿ ತಾಗಿ ಕೆಡುವ ಮುಂಚೆ ರಕ್ತನಾಳದೊಳಗೆ ಬಿಡಬೇಕು. ನಾಳ ತಪ್ಪಿ ಮಾಂಸಕ್ಕೆ ಹೋದರೆ ತೋಳು ಬೆಂದಂತಾಗುವುದು. ರಕ್ತನಾಳಕ್ಕೆ ಔಷಧವನ್ನು ಕೊಡುವ ಕೈಚಳಕ ಲಂಡನ್ನಿನಲ್ಲಿಯೇ ಕೆಲವರಿಗೆ ಮಾತ್ರ ಇದ್ದ ಆ ಕಾಲದಲ್ಲಿ ಫ್ಲೆಮಿಂಗನು ಅದರಲ್ಲಿ ನಿಪುಣನೆನಿಸಿಕೊಂಡನು. ಒಳ್ಳೆಯ ಔಷಧವೂ ತಪ್ಪು ದಾರಿಯಿಂದ ಹೋದರೆ ವಿಷವೇ ಸರಿ ಎಂಬ ಪಾಠವನ್ನು ಆತನು ಕಲಿತುದು ಪುಸ್ತಕದಿಂದಲ್ಲ, ಈ ಸೂಜಿಯ ಮೊನೆಯಿಂದ.

೧೯೧೪ರಲ್ಲಿ ಮಹಾಯುದ್ಧವು ಹತ್ತಿತು. ರೈಟನೊಡನೆ ಫ್ರಾನ್ಸಿನ ಬೂಲೋನ್ ಪಟ್ಟಣಕ್ಕೆ ಹೋದ ಫ್ಲೆಮಿಂಗನು ಅಲ್ಲಿ ಜೂಜಿನ ಕಟ್ಟಡವೊಂದರಲ್ಲಿ ಏರ್ಪಡಿಸಿದ್ದ ಆಸ್ಪತ್ರೆಯ ಪ್ರಯೋಗಶಾಲೆಯಲ್ಲಿ ದುಡಿದನು. ಗುಂಡಿನ ಗಾಯಗಳು ಕೀವುಗಟ್ಟಿ ಸೈನಿಕರು ಸಾಯುತ್ತಿದ್ದರು. ವೈದ್ಯರು ಅಭ್ಯಾಸಬಲದಿಂದ ತೀಕ್ಷ್ಣವಾದ ಕ್ರಿಮಿನಾಶಕಗಳನ್ನು ಗಾಯಗಳಿಗೆ ಸುರಿಯುತ್ತಿದ್ದರು. ಫ್ಲೆಮಿಂಗನು ಗಾಜಿನ ಕೊಳವೆಯನ್ನು ಕಾಯಿಸಿ ಅಲ್ಲಲ್ಲಿ ಮುಳ್ಳಿನಂತೆ ಎಳೆದು, ಗಾಯದ ಸಂದುಗೊಂದುಗಳನ್ನು ಹೋಲುವ ಕೃತಕವಾದ ಗಾಯವೊಂದನ್ನು ನಿರ್ಮಿಸಿ ಪರೀಕ್ಷಿಸಿದನು. ದ್ರಾವಣವು ಆಳದ ಸಂದುಗಳನ್ನು ಮುಟ್ಟುತ್ತಲೇ ಇರಲಿಲ್ಲ. ಮೇಲ್ಭಾಗದಲ್ಲಿದ್ದ ಬಿಳಿಯ ರಕ್ತಕಣಗಳನ್ನು ಮಾತ್ರ ಕೊಲ್ಲುತ್ತಿದ್ದಿತು. ಅಂದರೆ ಶತ್ರುವನ್ನು ಬಿಟ್ಟು ಕಾವಲುಗಾರನನ್ನು ಹೊಡೆದಂತಾಯಿತು. ಇದನ್ನು ಆತನು ಪ್ರಕಟಿಸಿದನು. ಆದರೂ ಎಷ್ಟೋ ವೈದ್ಯರು ಹಳೆಯ ಪದ್ಧತಿಯನ್ನು ಬಿಡಲಿಲ್ಲ. ಔಷಧವು ರೋಗಾಣುವಿಗೆ ಏನು ಮಾಡುತ್ತದೆಂಬುದರ ಜೊತೆಗೆ ರೋಗಿಗೆ ಏನು ಮಾಡುತ್ತದೆಂಬುದನ್ನೂ ನೋಡಬೇಕೆಂಬ ಈ ದೃಷ್ಟಿಯೇ ಆತನ ಮುಂದಿನ ಕೆಲಸಕ್ಕೆಲ್ಲ ಆಧಾರವಾಯಿತೆಂದು ನಮ್ಮ ಅಭಿಪ್ರಾಯ.

ಯುದ್ಧದ ನಡುವೆಯೇ, ೧೯೧೫ರ ಡಿಸೆಂಬರಿನಲ್ಲಿ, ಆತನಿಗೆ ವಿವಾಹವಾಯಿತು. ವಧುವಾದ ಸಾರಾ ಮ್ಯಾಕೆಲ್ರಾಯ್ ಐರ್ಲೆಂಡಿನವಳು. ಶಿಕ್ಷಣ ಪಡೆದ ದಾದಿ. ಲಂಡನ್ನಿನಲ್ಲಿ ಸ್ವಂತ ಶುಶ್ರೂಷಾಗೃಹವೊಂದನ್ನು ನಡೆಸುತ್ತಿದ್ದವಳು. ಫ್ಲೆಮಿಂಗನು ಮಿತಭಾಷಿ, ಆಕೆ ಮಾತುಗಾತಿ. ಚರಿತ್ರಕಾರರು ಈ ಸಾಧ್ವಿಯನ್ನು ಒಂದೆರಡು ಸಾಲುಗಳಲ್ಲಿ ಮುಗಿಸಿಬಿಡುವುದು ನಮಗೆ ನ್ಯಾಯವಾಗಿ ತೋರುವುದಿಲ್ಲ. ಆದರೆ ನಮಗೂ ಅವಳ ವಿಷಯದಲ್ಲಿ ಹೆಚ್ಚು ಸಾಮಗ್ರಿ ದೊರಕಲಿಲ್ಲ.

ನೆಗಡಿ ಬಂದಾಗ ತನ್ನ ಮೂಗಿನ ನೀರಿನಲ್ಲಿಯೇ ಕ್ರಿಮಿಗಳನ್ನು ಕರಗಿಸುವ ಲೈಸೋಜೈಮ್ ಎಂಬ ವಸ್ತುವನ್ನು ಆತನು ಕಂಡುದು, ಅದು ಕಣ್ಣೀರಿನಲ್ಲಿಯೂ ಇದೆಯೆಂದು ತಿಳಿದು, ಬಂದವರ ಕಣ್ಣಿಗೆಲ್ಲ ನಿಂಬೆಯ ರಸ ತಾಗಿಸಿ ಕಣ್ಣೀರು ಸಂಗ್ರಹಿಸಿದುದು, ಇವು ರಸವತ್ತಾದ ಕಥೆಗಳು. ೧೯೨೨ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ೧೯೨೮ರ ಸೆಪ್ಟೆಂಬರಿನಲ್ಲಿ, ರಜೆಯಿಂದ ಮರಳಿ ಬಂದವನು ತೊಳೆಯದೆ ಬಿಟ್ಟಿದ್ದ ತಟ್ಟೆಗಳನ್ನು ನೋಡುತ್ತಿರುವಾಗ, ಒಂದರಲ್ಲಿ ಬೂಷ್ಟು ಬೆಳೆದು ಅದರ ಸುತ್ತಲಿನ ಸ್ಟಾಫಿಲೋಕಾಕಸ್ ಕ್ರಿಮಿಗಳು ಕರಗಿಹೋಗಿದ್ದುದು ಕಣ್ಣಿಗೆ ಬಿದ್ದಿತು. ಬೂಷ್ಟಿನ ಬೀಜವು ಕಿಟಕಿಯಿಂದ ಬಂದಿತೆಂಬುದು ಜನಪ್ರಿಯ ಕಥೆ. ಕೆಳಗಿನ ಅಂತಸ್ತಿನಲ್ಲಿ ಬೂಷ್ಟುಗಳನ್ನೇ ಬೆಳೆಸುತ್ತಿದ್ದ ಪ್ರಯೋಗಶಾಲೆಯೊಂದಿದ್ದು, ಅಲ್ಲಿಂದ ಬಂದಿರುವುದೇ ಹೆಚ್ಚು ಸಂಭವ. ಬೂಷ್ಟಿನ ರಸವನ್ನು ಎಂಟು ನೂರು ಪಾಲು ತೆಳುಮಾಡಿದರೂ ಅದು ಕ್ರಿಮಿಗಳ ಬೆಳವಣಿಗೆಯನ್ನು ತಡೆಯಿತು. ಆತನು ಅಷ್ಟಕ್ಕೆ ನಿಲ್ಲದೆ, ಬೂಲೋನಿನ ಪಾಠವನ್ನು ನೆನೆದು, ಬಿಳಿಯ ರಕ್ತಕಣಗಳಿಗೂ ಮೊಲಗಳಿಗೂ ಅದರಿಂದ ಹಾನಿಯಿಲ್ಲವೆಂಬುದನ್ನು ನೋಡಿಕೊಂಡನು. ೧೯೨೯ರಲ್ಲಿ ಪೆನಿಸಿಲಿನ್ ಎಂಬ ಹೆಸರಿನಿಂದ ಅದನ್ನು ಪ್ರಕಟಿಸಿದನು. ಅದನ್ನು ಶುದ್ಧೀಕರಿಸುವುದು ಮಾತ್ರ ಆತನಿಂದಾಗಲಿಲ್ಲ. ಹತ್ತು ವರ್ಷ ಅದು ಹಾಗೆಯೇ ಉಳಿಯಿತು.

ಆ ಯಶಸ್ಸು ಆಕ್ಸ್‌ಫರ್ಡಿನ ಫ್ಲೋರಿ, ಚೇನ್, ಹೀಟ್ಲಿ ಮುಂತಾದವರದು. ೧೯೪೦ರ ಮೇ ೨೫ರಂದು ಎಂಟು ಇಲಿಗಳಿಗೆ ಮಾರಕವಾದ ಕ್ರಿಮಿಗಳನ್ನು ಚುಚ್ಚಿ, ನಾಲ್ಕಕ್ಕೆ ಪೆನಿಸಿಲಿನ್ ಕೊಟ್ಟರು. ಆ ನಾಲ್ಕೂ ಬದುಕಿದವು, ಉಳಿದ ನಾಲ್ಕು ಸತ್ತವು. ೧೯೪೧ರ ಫೆಬ್ರುವರಿಯಲ್ಲಿ, ಮುಖವೆಲ್ಲ ಕೀವಾಗಿ ಸಾಯುವ ಸ್ಥಿತಿಯಲ್ಲಿದ್ದ ಪೊಲೀಸ್ ಪೇದೆಯೊಬ್ಬನಿಗೆ ಮೂರು ಮೂರು ಗಂಟೆಗೊಮ್ಮೆ ಔಷಧವನ್ನು ಕೊಟ್ಟರು. ಮೂರು ಗಂಟೆಯೇ ಏಕೆ? ಪೆನಿಸಿಲಿನ್ ದೇಹದಲ್ಲಿ ನಿಲ್ಲುವುದಿಲ್ಲ. ಮೂತ್ರಪಿಂಡಗಳು ಅದನ್ನು ಬೇಗಬೇಗನೆ ಹೊರಗೆ ಹಾಕಿಬಿಡುತ್ತವೆ. ತೂತುಬಿದ್ದ ಕೊಡದಲ್ಲಿ ನೀರಿನ ಮಟ್ಟವನ್ನು ಕಾಯ್ದಂತೆ ಮತ್ತೆ ಮತ್ತೆ ತುಂಬುತ್ತಲೇ ಇರಬೇಕು. ಔಷಧವು ಎಷ್ಟು ದುರ್ಲಭವಾಗಿದ್ದಿತೆಂದರೆ, ರೋಗಿಯ ಮೂತ್ರವನ್ನು ಸಂಗ್ರಹಿಸಿ ಪ್ರಯೋಗಶಾಲೆಗೆ ಒಯ್ದು, ಅದರಿಂದ ಪೆನಿಸಿಲಿನ್ನನ್ನು ಮರಳಿ ತೆಗೆದು ಅವನಿಗೇ ಕೊಡುತ್ತಿದ್ದರು. ಒಂದು ದಿನದಲ್ಲಿಯೇ ಜ್ವರವಿಳಿಯಿತು, ಊಟ ಸೇರಿತು. ಐದು ದಿನಗಳಲ್ಲಿ ಔಷಧವು ಮುಗಿದುಹೋಯಿತು. ಅಳಿದುಳಿದ ಕ್ರಿಮಿಗಳು ಮತ್ತೆ ತಲೆಯೆತ್ತಿದವು. ಮಾರ್ಚಿ ೧೫ರಂದು ಆ ಬಡಪಾಯಿ ಸತ್ತನು. ಅರ್ಧಕ್ಕೆ ನಿಂತ ಚಿಕಿತ್ಸೆಯ ಫಲವೇನೆಂಬುದನ್ನು ಲೋಕಕ್ಕೆ ಮೊತ್ತಮೊದಲು ತೋರಿಸಿದವನು ಅವನೇ. ಅವನಿಗೆ ಔಷಧವಿರಲಿಲ್ಲ; ಇಂದು ಔಷಧವಿದ್ದೂ ಅರ್ಧಕ್ಕೆ ಬಿಡುವ ನಾವು ಏನೆನ್ನಬೇಕು?

ಫ್ಲೆಮಿಂಗನು ಈ ರಂಗಕ್ಕೆ ಮರಳಿ ಬಂದುದು ೧೯೪೨ರ ಆಗಸ್ಟಿನಲ್ಲಿ. ಆತನ ಸೋದರರ ಕನ್ನಡಕದ ವ್ಯಾಪಾರಕ್ಕೆ ಸಂಬಂಧಪಟ್ಟವನೊಬ್ಬನು ಮಿದುಳಿನ ಪೊರೆಯ ಜ್ವರದಿಂದ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಮಲಗಿದ್ದನು. ಸಲ್ಫಾ ಔಷಧಗಳು ನಾಟಲಿಲ್ಲ. ಫ್ಲೆಮಿಂಗನು ಮೊದಲು ಅವನ ಬೆನ್ನುಹುರಿಯ ದ್ರವದಿಂದ ಕ್ರಿಮಿಯನ್ನು ಬೇರ್ಪಡಿಸಿ, ಅದು ಪೆನಿಸಿಲಿನ್ನಿಗೆ ಮಣಿಯುವುದೋ ಇಲ್ಲವೋ ಎಂದು ಗಾಜಿನ ತಟ್ಟೆಯಲ್ಲಿ ಪರೀಕ್ಷಿಸಿದನು. ಮಣಿಯಿತು. ಫ್ಲೋರಿಯಿಂದ ಔಷಧವನ್ನು ಬೇಡಿ ತಂದು ಸ್ನಾಯುವಿಗೆ ಇಂಜೆಕ್ಷನ್ ಕೊಡಿಸಿದನು. ರೋಗಿ ಸುಧಾರಿಸಿದನಾದರೂ ಪೂರ್ತಿ ಗುಣವಾಗಲಿಲ್ಲ. ಇನ್ನೊಬ್ಬನಾಗಿದ್ದರೆ ಪ್ರಮಾಣವನ್ನು ಕಣ್ಣುಮುಚ್ಚಿ ಹೆಚ್ಚಿಸುತ್ತಿದ್ದನೋ ಏನೋ. ಫ್ಲೆಮಿಂಗನು ರಕ್ತವನ್ನೂ ಬೆನ್ನುಹುರಿಯ ದ್ರವವನ್ನೂ ತೆಗೆದು, ಔಷಧವು ಯಾವುದರಲ್ಲಿ ಎಷ್ಟಿದೆಯೆಂದು ಅಳೆದನು. ರಕ್ತದಲ್ಲಿ ಇದ್ದಿತು, ಬೆನ್ನುಹುರಿಯ ದ್ರವದಲ್ಲಿ ಇರಲಿಲ್ಲ. ಔಷಧವು ಮನೆಯ ಬಾಗಿಲವರೆಗೆ ಬಂದು ಒಳಗೆ ಹೋಗದೆ ನಿಂತಿದ್ದಿತು! ಬೆನ್ನುಹುರಿಯ ದ್ರವಕ್ಕೇ ನೇರವಾಗಿ ಔಷಧವನ್ನು ಬಿಡುವ ಸಾಹಸವನ್ನು ಮಾಡಿದನು. ರೋಗಿ ಬದುಕಿದನು. ಪೆನಿಸಿಲಿನ್ನಿನ ಕಥೆಯಲ್ಲಿ ತಟ್ಟೆಯ ಪ್ರಸಂಗಕ್ಕಿಂತ ಈ ಪ್ರಸಂಗವೇ ನಮಗೆ ಹೆಚ್ಚು ಪ್ರಿಯವಾದುದು. ಅಲ್ಲಿ ಅದೃಷ್ಟದ ಪಾಲಿದ್ದಿತು. ಇಲ್ಲಿ ಇದ್ದುದು ಅಳತೆ.

ಅಮೆರಿಕೆಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಔಷಧವು ಹೇರಳವಾಗಿ ತಯಾರಾದಂತೆ, ಆ ಮೂರು ಗಂಟೆಯ ಭಾರವು ದಾದಿಯರ ಹೆಗಲ ಮೇಲೆ ಬಿದ್ದಿತು. ಹಗಲೆನ್ನದೆ ಇರುಳೆನ್ನದೆ, ಸೂಜಿಗಳನ್ನು ಕುದಿಸಿ, ನಿದ್ದೆಹೋದ ರೋಗಿಯನ್ನು ಎಬ್ಬಿಸಿ, ಚುಚ್ಚಿ, ಹೊತ್ತನ್ನು ಬರೆದಿಡಬೇಕು. ಔಷಧವು ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲಲೆಂದು ಕಡಲೆಕಾಯಿಯ ಎಣ್ಣೆಯಲ್ಲಿಯೂ ಜೇನುಮೇಣದಲ್ಲಿಯೂ ಅದನ್ನು ಬೆರೆಸಿ ನೋಡಿದರು. ಆಮೇಲೆ ಪ್ರೊಕೇನ್ ಪೆನಿಸಿಲಿನ್ ಬಂದು ಅವರ ನಿದ್ದೆಗೆ ಸ್ವಲ್ಪ ಅವಕಾಶವಾಯಿತು. ಆದರೆ ಇದನ್ನು ಸ್ನಾಯುವಿಗೆ ಮಾತ್ರ ಕೊಡಬೇಕು, ರಕ್ತನಾಳಕ್ಕೆ ಕೊಟ್ಟರೆ ಅಪಾಯ. ಮತ್ತೆ ಕೆಲವರ ದೇಹಕ್ಕೆ ಪೆನಿಸಿಲಿನ್ನೇ ಒಗ್ಗದು. ನಿಮಿಷಗಳಲ್ಲಿ ಉಸಿರುಕಟ್ಟಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಸಂಚಕಾರ ಬರಬಹುದು. ಆದಕಾರಣವೇ ಹಿಂದೆ ಈ ಔಷಧದಿಂದ ದದ್ದು, ಊತ, ಏದುಸಿರು ಬಂದಿತ್ತೇ ಎಂದು ದಾದಿಯು ಮೊದಲು ಕೇಳುವುದು, ಕೊಟ್ಟ ಮೇಲೆ ಕೆಲಕಾಲ ಕುಳ್ಳಿರಿಸಿ ನೋಡುವುದು. ಅದು ಕಾಲಹರಣವೆಂದು ಗೊಣಗುವವರು ನಮ್ಮಲ್ಲಿ ಅನೇಕರು. ಕ್ಷಯಕ್ಕೆ ಬಂದ ಸ್ಟ್ರೆಪ್ಟೊಮೈಸಿನ್ ಕಿವಿಯನ್ನೂ ದೇಹದ ಸಮತೋಲವನ್ನೂ ಕೆಡಿಸಬಲ್ಲುದು. ತಲೆ ತಿರುಗುತ್ತದೆ, ಕಿವಿಯಲ್ಲಿ ಮೊರೆಯುತ್ತದೆ ಎಂಬ ರೋಗಿಯ ಮಾತನ್ನು ಮೊದಲು ಕೇಳುವವಳು ವೈದ್ಯನಿಗಿಂತ ಮುಂಚೆ ದಾದಿಯೇ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಹೊತ್ತು ಎಂಬ ಐದನ್ನು ಅವರ ಶಾಲೆಗಳಲ್ಲಿ ನಮ್ಮ ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಾರೆ.

೧೯೪೪ರಲ್ಲಿ ಫ್ಲೆಮಿಂಗನಿಗೆ ಸರ್ ಪದವಿಯೂ, ೧೯೪೫ರಲ್ಲಿ ಫ್ಲೋರಿ ಮತ್ತು ಚೇನರೊಡನೆ ನೊಬೆಲ್ ಪಾರಿತೋಷಕವೂ ದೊರೆತುವು. ಸ್ಟಾಕ್‌ಹೋಮಿನಲ್ಲಿ ಆತನು ಮಾಡಿದ ಭಾಷಣದ ಕೊನೆಯಲ್ಲಿ ಹೊಗಳಿಕೆಯ ಮಾತುಗಳಿಗೆ ಬದಲಾಗಿ ಒಂದು ಎಚ್ಚರಿಕೆಯಿದ್ದಿತು. ಪೆನಿಸಿಲಿನ್ ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಕಾಲ ಬಂದೀತು. ತಿಳಿಯದವನು ಸಾಲದಷ್ಟು ಪ್ರಮಾಣವನ್ನು ತೆಗೆದುಕೊಂಡಾನು. ಸಾಯದೆ ಉಳಿದ ಕ್ರಿಮಿಗಳು ಔಷಧವನ್ನು ಅರಗಿಸಿಕೊಳ್ಳಲು ಕಲಿತಾವು ಎಂದು ಆತನು ವಿವರಿಸಿದನು. ಗಂಟಲುನೋವಿಗೆ ತಾನೇ ಅರೆಬರೆ ಔಷಧವನ್ನು ಕೊಂಡು ನುಂಗಿದ ಒಬ್ಬ ಕಲ್ಪಿತ ಗೃಹಸ್ಥನನ್ನೂ, ಅವನಿಂದ ಅಂಟಿದ, ಔಷಧಕ್ಕೆ ಜಗ್ಗದ ಕ್ರಿಮಿಯಿಂದ ಸತ್ತ ಅವನ ಹೆಂಡತಿಯನ್ನೂ ಆತನು ದೃಷ್ಟಾಂತವಾಗಿ ಮುಂದಿಟ್ಟನು. ತಪ್ಪು ಮಾಡಿದವನು ಒಬ್ಬ, ಸತ್ತವಳು ಇನ್ನೊಬ್ಬಳು. ಈ ದೃಷ್ಟಾಂತದ ತೀಕ್ಷ್ಣತೆಯೆಲ್ಲ ಅಲ್ಲಿಯೇ ಇದೆ.

ಬ್ರಿಟನ್ನಿನಲ್ಲಿ ೧೯೪೭ರಲ್ಲಿ, ವೈದ್ಯರ ಚೀಟಿಯಿಲ್ಲದೆ ಪೆನಿಸಿಲಿನ್ ಮಾರಕೂಡದೆಂದು ಶಾಸನವಾಯಿತು. ಆದರೆ ಕ್ರಿಮಿಗಳು ಶಾಸನಕ್ಕೆ ಕಾಯಲಿಲ್ಲ. ೧೯೪೮ರ ವೇಳೆಗೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೇರಿ ಬಾರ್ಬರ್ ಎಂಬ ವಿದುಷಿಯು ಪರೀಕ್ಷಿಸಿದ ಸ್ಟಾಫಿಲೋಕಾಕಸ್ ಕ್ರಿಮಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಪೆನಿಸಿಲಿನ್ನಿಗೆ ಜಗ್ಗದವಾಗಿದ್ದುವು. ನಮ್ಮ ದೇಶದಲ್ಲಿ ಬಹುಕಾಲದ ಮೇಲೆ, ೨೦೧೪ರಲ್ಲಿ, ಕೆಲವು ಪ್ರಬಲ ಔಷಧಗಳ ಮಾರಾಟವನ್ನು ಅಂಗಡಿಯವನು ದಫ್ತರದಲ್ಲಿ ಬರೆದಿಡಬೇಕೆಂಬ ನಿಯಮವು ಜಾರಿಗೆ ಬಂದಿತು. ೨೦೧೬ರಲ್ಲಿ ಔಷಧದ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನರಿಗೆ ತಿಳಿಸುವ ಪ್ರಚಾರವೂ ನಡೆಯಿತು. ನಾವು ಪರರನ್ನು ದೂಷಿಸಲಾರೆವು. ಐದು ದಿನಕ್ಕೆ ಕೊಟ್ಟ ಮಾತ್ರೆಗಳನ್ನು ಮೂರನೆಯ ದಿನ ಜ್ವರ ಬಿಟ್ಟೊಡನೆ ನಿಲ್ಲಿಸಿ, ಉಳಿದವನ್ನು ಮೇಜಿನ ಖಾನೆಯಲ್ಲಿಟ್ಟು, ಮುಂದಿನ ಮಳೆಗಾಲದಲ್ಲಿ ನೆರೆಮನೆಯ ಮಗುವಿಗೆ ಉಪಕಾರಬುದ್ಧಿಯಿಂದ ಕೊಟ್ಟವರಲ್ಲಿ ನಾವೂ ಒಬ್ಬರು. ಆ ಮಗುವಿಗೆ ಏನೂ ಆಗಲಿಲ್ಲ. ಅದು ನಮ್ಮ ಜಾಣತನದಿಂದಲ್ಲ.

ಪತ್ನಿ ಸಾರಾ ೧೯೪೯ರಲ್ಲಿ ತೀರಿಕೊಂಡಳು. ೧೯೫೩ರಲ್ಲಿ ಫ್ಲೆಮಿಂಗನು ತನ್ನ ಪ್ರಯೋಗಶಾಲೆಯಲ್ಲಿಯೇ ಕೆಲಸಮಾಡಿದ್ದ ಗ್ರೀಸ್ ದೇಶದ ವಿದುಷಿ ಅಮಾಲಿಯಾಳನ್ನು ವಿವಾಹವಾದನು. ೧೯೫೫ನೆಯ ಮಾರ್ಚಿ ೧೧ರಂದು ಹೃದಯಾಘಾತದಿಂದ ಲಂಡನ್ನಿನ ಸ್ವಗೃಹದಲ್ಲಿ ನಿಧನಹೊಂದಿದನು. ಆತನ ಚಿತಾಭಸ್ಮವನ್ನು ಸೇಂಟ್ ಪಾಲ್ಸ್ ಇಗರ್ಜಿಯಲ್ಲಿ ನಿಕ್ಷೇಪಿಸಿದರು.

ಅದೇ ೧೯೫೫ರಲ್ಲಿ, ಹಿಂದಿನ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಸ್ಥಾಪಿತವಾಗಿದ್ದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯಲ್ಲಿ ಪೆನಿಸಿಲಿನ್ ತಯಾರಿಕೆಯು ಮೊದಲಾಯಿತು. ಅದು ಇದ್ದುದು ಪುಣೆಯ ಮಗ್ಗುಲಿನ ಪಿಂಪ್ರಿಯಲ್ಲಿ. ನಮ್ಮ ಶಾಲೆಯ ಪ್ರವಾಸಗಳಲ್ಲಿ ಪುಣೆಗೆ ಹೋಗುವ ಬಂಡಿಯು ಪಿಂಪ್ರಿ ನಿಲ್ದಾಣಕ್ಕೆ ಬಂದಾಗ, ತಿಂಡಿಯ ಗಲಾಟೆಯಲ್ಲಿರುವ ಮಕ್ಕಳಿಗೆ ಈ ಸಂಗತಿಯನ್ನು ಹೇಳುವ ವಾಡಿಕೆಯನ್ನು ನಾವು ಇಟ್ಟುಕೊಂಡಿದ್ದೇವೆ.